ಕಬ್ಬಿಣ ಮುಟ್ಟದ ಕೂದಲು

ಅಗಲ... ಅಗಿಲ... ಅಲ್ಲ, ಅದಲ್ಲ.

ಅರಸುಕುಮಾರನ ಕೂದಲ ತುದಿಯನ್ನು ಎರಡು ಬೆರಳುಗಳ ನಡುವೆ ಹಿಡಿದುಕೊಂಡು ಗೋದಿಲ ಸುಮ್ಮನೆ ನಿಂತುಬಿಟ್ಟಳು. ಬಾರ್ಲಿಯ ತೆನೆಯ ಮೇಲೆ ಸೂಜಿಗಿಂತ ಸಣ್ಣಗೆ ಏಳುವ ಸುಂಕಿಗೆ ಅವಳ ಹುಟ್ಟೂರಿನಲ್ಲಿ ಒಂದು ಹೆಸರಿತ್ತು. ಹುಟ್ಟಿದಾಗಿನಿಂದ ಕತ್ತರಿ ಕಾಣದ ಮಗುವಿನ ಕೂದಲ ತುದಿಗೂ ಅವಳ ತಾಯಿ ಅದೇ ಹೆಸರನ್ನು ಹೇಳುತ್ತಿದ್ದಳು. ಮೊದಲ ಅಕ್ಷರ ನಾಲಗೆಯವರೆಗೆ ಬಂದು ನಿಲ್ಲುತ್ತಿತ್ತು, ಉಳಿದದ್ದು ಬರುತ್ತಿರಲಿಲ್ಲ. ಫ್ರಾಂಕರ ಭಾಷೆಯಲ್ಲಿ ಅದಕ್ಕೆ ಬೇರೆ ಹೆಸರೇ ಇಲ್ಲ. ತುದಿ ಎಂದರೆ ತುದಿ, ಅಷ್ಟೆ.

"ಅಜ್ಜಿ, ನಿಂತಲ್ಲೇ ನಿದ್ದೆಯೇ?" ಎಂದ ಔದೆರಿಕ್. ಅವನಿಗೆ ಒಂಬತ್ತು ವರ್ಷ. "ಕುದುರೆಗಳು ಹಾಗೆ ಮಲಗುತ್ತವಂತೆ. ನೀನು ಕುದುರೆಯೇ?"

"ಕುದುರೆಯಾಗಿದ್ದರೆ ನಿಮ್ಮನ್ನು ಒದ್ದು ಎಂದೋ ಓಡಿಹೋಗುತ್ತಿದ್ದೆ, ಅರಸುಕುಮಾರ. ತಲೆ ಅಲ್ಲಾಡಿಸಬೇಡಿ."

ಕಿಟಕಿಯಾಚೆ ರಾಜಧಾನಿ ತೆರೋನ ಮಾರ್ಚ್ ತಿಂಗಳ ಮಂಜಿನಿಂದ ಮೆಲ್ಲಗೆ ಮೇಲೇಳುತ್ತಿತ್ತು. ಮೊದಲು ಕಂಡದ್ದು ಇಗರ್ಜಿಯ ಗಂಟೆಗೋಪುರ. ಆಮೇಲೆ ರೋಮನ್ನರು ಕಟ್ಟಿ ಬಿಟ್ಟುಹೋದ ಕಲ್ಲಿನ ಕೋಟೆ, ಅದರ ಬಿರುಕುಗಳಿಗೆ ಫ್ರಾಂಕರು ಹೊಡೆದ ಮರದ ತೇಪೆಗಳು. ಅದರಾಚೆ, ಒಂದು ಕಾಲದಲ್ಲಿ ಸಿಂಹಗಳು ಮನುಷ್ಯರನ್ನು ಹರಿದು ತಿಂದ, ಈಗ ಅರಮನೆಯ ಕುರಿಗಳು ಮೇಯುವ ದುಂಡು ರಂಗಸ್ಥಳ. ನದಿಯ ದಡದ ಬಯಲಿನಲ್ಲಿ ಕಣ್ಣು ಹಾಯುವವರೆಗೂ ಡೇರೆಗಳು, ಹೊಗೆ, ಕುದುರೆಗಳ ಕೆನೆತ. ವರ್ಷಕ್ಕೊಮ್ಮೆ ರಾಜ್ಯದಲ್ಲಿ ಆಯುಧ ಹಿಡಿದವರೆಲ್ಲ ಅಲ್ಲಿ ನೆರೆಯುವುದು ಪದ್ಧತಿ. ಈ ವರ್ಷ ಅವರು ಹೊಸ ಅರಸನನ್ನು ಗುರಾಣಿಯ ಮೇಲೆ ಎತ್ತಿ ಹಿಡಿಯುವುದಕ್ಕಾಗಿ ನೆರೆದಿದ್ದರು. ಬೇಟೆಗೆ ಹೋದ ಅರಸ ಹಾದೆರಿಕ್ ಹೆಣವಾಗಿ ಮರಳಿ ಇಪ್ಪತ್ತು ದಿನಗಳಾಗಿದ್ದವು.

ಫ್ರಾಂಕರ ಅರಸುಮನೆತನದ ಗಂಡುಮಕ್ಕಳ ಕೂದಲಿಗೆ ಹುಟ್ಟಿನಿಂದ ಸಾವಿನವರೆಗೆ ಕಬ್ಬಿಣ ಸೋಕಬಾರದು. ಉದ್ದಕೂದಲಿದ್ದವನು ಅರಸನಾಗಬಲ್ಲ, ಒಮ್ಮೆ ಕತ್ತರಿಸಿಕೊಂಡವನು ಮಠ ಸೇರಬೇಕು. ಕಿರೀಟಕ್ಕಿಂತ ಕೂದಲೇ ದೊಡ್ಡದಾದ ಆ ಅರಮನೆಯಲ್ಲಿ ಅದನ್ನು ಬಾಚುವವಳಿಗೂ ಒಂದು ಕಟ್ಟುಪಾಡಿತ್ತು: ಅವಳ ಕೈಯೂ ಕಬ್ಬಿಣವನ್ನು ಮುಟ್ಟುವಂತಿಲ್ಲ. ಹನ್ನೆರಡು ವರ್ಷದವಳಿದ್ದಾಗ ಪೂರ್ವದ ತುರಿಂಗಿಯದ ಕಾಡುಗಳಿಂದ ಯುದ್ಧದ ಸೆರೆಯಾಳಾಗಿ ಬಂದ ಗೋದಿಲ, ಈ ಕೆಲಸಕ್ಕೆ ನಿಂತ ಮೂವತ್ತನಾಲ್ಕು ವರ್ಷಗಳಲ್ಲಿ ಸೂಜಿ ಹಿಡಿದಿರಲಿಲ್ಲ, ಚಾಕು ಹಿಡಿದಿರಲಿಲ್ಲ. ರೊಟ್ಟಿಯನ್ನು ಕೈಯಿಂದ ಮುರಿಯುತ್ತಿದ್ದಳು. ಬಾಗಿಲ ಚಿಲಕವನ್ನು ಬೇರೆಯವರು ತೆಗೆಯಬೇಕಿತ್ತು. ಕೂದಲು ಗಂಟಾದರೆ ಎಣ್ಣೆ ಸವರಿ, ಮರದ ಹಣಿಗೆಯಿಂದ, ಬೆರಳಿನಿಂದ ಗಂಟೆಗಟ್ಟಲೆ ಬಿಡಿಸುತ್ತಿದ್ದಳು. ಉದುರಿದ ಕೂದಲನ್ನು ನಾರುಬಟ್ಟೆಯ ಚೀಲದಲ್ಲಿ ಕೂಡಿಡುತ್ತಿದ್ದಳು. ಅರಸ ಸತ್ತಾಗ ಆ ಚೀಲ ಅವನ ಗೋರಿಗೆ ಹೋಗುತ್ತಿತ್ತು.

ಮೂರು ಚೀಲಗಳನ್ನು ಅವಳು ಈಗಾಗಲೇ ಗೋರಿಗೆ ಕಳಿಸಿದ್ದಳು. ಮೊದಲನೆಯ ಅರಸ ವಿಷದಿಂದ ಸತ್ತ, ಆಗ ಅವಳು ಮೂರು ದಿನ ಅತ್ತಳು. ಎರಡನೆಯವನನ್ನು ಒಡಹುಟ್ಟಿದವನೇ ಕೊಂದ, ಆಗ ಒಂದು ಸಂಜೆ ಅತ್ತಳು. ಮೂರನೆಯವನಾದ ಹಾದೆರಿಕನ ಕೂದಲಿನಿಂದ ಒಣಗಿದ ಎಲೆಗಳನ್ನು, ಹೆಪ್ಪುಗಟ್ಟಿದ ರಕ್ತವನ್ನು ಬಿಡಿಸುವಾಗ, ಎಣ್ಣೆ ಇನ್ನೂ ಸ್ವಲ್ಪ ಬೆಚ್ಚಗಿರಬೇಕಿತ್ತು ಎಂದಷ್ಟೇ ಅವಳಿಗೆ ಅನ್ನಿಸಿತ್ತು. ಬೆರಳುಗಳಿಗೆ ಎಲ್ಲವೂ ಗೊತ್ತಾಗುತ್ತಿತ್ತು. ಒಳಗೆ ಏನೂ ಆಗುತ್ತಿರಲಿಲ್ಲ.

"ಅಜ್ಜಿ, ಒಂದು ಗುಟ್ಟು ಹೇಳಲೇ?" ಎಂದ ಔದೆರಿಕ್. "ಅಪ್ಪನ ಬೆನ್ನಿನಲ್ಲಿದ್ದ ಬಾಣದ ಗರಿ ನೋಡಿದೆ. ಕೆಂಪು ದಾರ ಸುತ್ತಿದ ಬೂದು ಗರಿ. ಅಂಥ ಬಾಣ ಇರುವುದು ಒಬ್ಬರದೇ ಬತ್ತಳಿಕೆಯಲ್ಲಿ. ನಾನು ಅರಸನಾದ ದಿನ ಎಲ್ಲರೆದುರು ಹೆಸರು ಹೇಳುತ್ತೇನೆ."

ಗೋದಿಲಳ ಹಣಿಗೆ ನಿಂತಿತು. "ಇದನ್ನು ಇನ್ನು ಯಾರಿಗೆ ಹೇಳಿದ್ದೀರಿ?"

"ಯಾರಿಗೂ ಇಲ್ಲ. ಲಾಯದವರಿಗೆ ಮಾತ್ರ."

ಲಾಯದವರಿಗೆ ಹೇಳಿದ ಮಾತು ಊಟದ ಹೊತ್ತಿಗೆ ಎಲ್ಲಿಗೆ ತಲುಪುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ತಲುಪಿಯೂ ಆಗಿತ್ತು.

ಮಧ್ಯಾಹ್ನ ಮನೆವೆರ್ಗಡೆ ಇಂಗೊಮಾರ್ ತಾನೇ ಅವಳ ಕೋಣೆಗೆ ಬಂದ. ಅರಸನ ಹೆಸರಿನಲ್ಲಿ ಅರಮನೆಯನ್ನೂ ರಾಜ್ಯವನ್ನೂ ನಡೆಸುವವನು ಆತ. ಸ್ಥೂಲಕಾಯ, ನಗುಮುಖ, ಕಾಲುನೋವಿನಿಂದಾಗಿ ಎಲ್ಲಿ ಹೋದರೂ ಮೊದಲು ಕೂರಲು ಜಾಗ ಹುಡುಕುವವನು. ಎಣ್ಣೆಯ ಪೀಪಾಯಿಯ ಮೇಲೆ ಕುಳಿತು, ಬಿಸಿಲಿಗೆ ಕಾಲು ಚಾಚಿದ.

"ತಾಯಿ ಗೋದಿಲ, ಸಂತೋಷದ ಸುದ್ದಿ ತಂದಿದ್ದೇನೆ. ತೀರಿಹೋದ ಅರಸರಿಗೆ ಇನ್ನೊಬ್ಬ ಮಗನಿದ್ದಾನೆ. ಹಿರಿಯವನು. ವುಲ್ಫಾರ್ ಎಂದು ಹೆಸರು, ಹದಿನೆಂಟು ವರ್ಷ. ಗುಟ್ಟಾಗಿ ಒಂದು ಮಠದಲ್ಲಿ ಬೆಳೆಯುತ್ತಿದ್ದ."

"ಮಠದಲ್ಲಿ ಕೂದಲು ಬೋಳಿಸುತ್ತಾರೆ, ಸ್ವಾಮಿ."

"ಇವನದನ್ನು ಬೋಳಿಸಿಲ್ಲ. ಸೊಂಟದವರೆಗೆ ಇದೆ, ನೋಡಿದರೆ ನೀನೇ ಮೆಚ್ಚುತ್ತೀಯೆ." ಅವನು ನಕ್ಕ. "ನಾಡಿದ್ದು ಬಯಲಿನಲ್ಲಿ ಎಲ್ಲರೆದುರು ನೀನು ಅವನ ತಲೆ ಬಾಚಿ, ಕಬ್ಬಿಣ ಮುಟ್ಟಿಲ್ಲ ಎಂದು ಮೂರು ಸಲ ಕೂಗಬೇಕು. ಯಾವಾಗಲೂ ಕೂಗುವುದೇ ತಾನೆ?"

"ಅರಸುಕುಮಾರ ಔದೆರಿಕ್?"

"ಅವನನ್ನು ಮಠಕ್ಕೆ ಕಳಿಸುತ್ತೇನೆ. ಕೂದಲು ತೆಗೆಸಿ, ಕೈಗೆ ಪುಸ್ತಕ ಕೊಟ್ಟು. ಸುಖವಾಗಿರುತ್ತಾನೆ. ನೀನು ಬೇರೆ ಏನಾದರೂ ಕೂಗಿದರೆ ಅವನೇ ಅರಸನಾಗುತ್ತಾನೆ. ಆಗಲಿ, ನನಗೇನು? ಆದರೆ ಮಕ್ಕಳು, ತಾಯಿ. ಬಾವಿಯ ಕಟ್ಟೆ ಹತ್ತುತ್ತವೆ, ಕಂಡ ಕಂಡ ಹಣ್ಣು ತಿನ್ನುತ್ತವೆ." ಎದ್ದು ನಿಂತು ಅವಳ ಭುಜ ತಟ್ಟಿದ. "ನೀನು ತುರಿಂಗಿಯದವಳು. ನಮ್ಮ ಅರಸರು ಯಾರಾದರೆ ನಿನಗೇನು ಹೋಗುವುದು, ಏನು ಬರುವುದು?"

ಹೋಗುವಾಗ ಅವನ ಬೆನ್ನ ಮೇಲೆ ಬತ್ತಳಿಕೆ ಇರಲಿಲ್ಲ. ಇಪ್ಪತ್ತು ದಿನಗಳಿಂದ ಅವನು ಅದನ್ನು ತೊಟ್ಟಿರಲಿಲ್ಲ.

ಗೋದಿಲ ಮಹಾರಾಣಿ ಗರ್ಸಿಂದೆಯ ಬಳಿಗೆ ಹೋದಳು. ವಿಧವೆಯ ಬಿಳಿಯುಡುಗೆಯಲ್ಲಿ ರಾಣಿ ಮಗನ ಪಟ್ಟದ ನಿಲುವಂಗಿಗೆ ಚಿನ್ನದ ಅಂಚು ಹೊಲಿಯುತ್ತಿದ್ದಳು.

"ಮಹಾರಾಣಿಯವರೇ, ಅರಸುಕುಮಾರರನ್ನು ಇಂದೇ ಯಾವುದಾದರೂ ಮಠಕ್ಕೆ ಕಳಿಸಿಬಿಡಿ. ಅವರು ಅರಸರಾದರೆ ಈ ಬೇಸಿಗೆ ಕಳೆಯುವುದಿಲ್ಲ."

"ಕೂದಲು ಕತ್ತರಿಸಿಯೇ?"

"ಕತ್ತರಿಸಿ."

ರಾಣಿ ತಲೆಯೆತ್ತಲಿಲ್ಲ. "ನನ್ನ ಮಗ ಅರಸನಾಗಿ ಒಂದೇ ದಿನ ಬದುಕಿದರೂ ನನಗೆ ಸಾಕು. ತಲೆ ಬೋಳಿಸಿಕೊಂಡು ನೂರು ವರ್ಷ ಬದುಕುವವನಿಗೆ ನಾನು ಹಾಲು ಕುಡಿಸಲಿಲ್ಲ. ನಿನಗೆ ಇದು ಅರ್ಥವಾಗುವುದಿಲ್ಲ, ಗೋದಿಲ. ನೀನು ಬಾಚುವವಳು. ಹೋಗಿ ಬಾಚು."

ಗೋದಿಲ ಹೊರಗೆ ಬಂದು ರಂಗಸ್ಥಳದ ಕಲ್ಲಿನ ಮೆಟ್ಟಿಲ ಮೇಲೆ ಕುಳಿತಳು. ಕೆಳಗೆ ಕುರುಬರು ಕುರಿಗಳ ಉಣ್ಣೆ ಕತ್ತರಿಸುತ್ತಿದ್ದರು. ಅವಳು ಮನಸ್ಸಿನಲ್ಲಿ ಈ ಗಂಟನ್ನೂ ಕೂದಲ ಗಂಟಿನಂತೆಯೇ ಬಿಡಿಸತೊಡಗಿದಳು. ತುದಿಯಿಂದ ಆರಂಭಿಸಿ, ಎಳೆಯದೆ.

ವುಲ್ಫಾರ್ ಎಂಬವನ ಕೂದಲು ಹಿಂದೆ ಕತ್ತರಿಸಿ ಮತ್ತೆ ಬೆಳೆದದ್ದಿರಬೇಕು. ಅದನ್ನು ಕಂಡುಹಿಡಿಯುವುದು ಅವಳಿಗೆ ಕಷ್ಟವಲ್ಲ. ಎಂದೂ ಕತ್ತರಿಸದ ಕೂದಲು ತುದಿಗೆ ಹೋಗುತ್ತ ಹೋಗುತ್ತ ತೆಳುವಾಗಿ ಗಾಳಿಯಲ್ಲಿ ಮುಗಿಯುತ್ತದೆ. ಒಮ್ಮೆ ಕತ್ತರಿಸಿದ್ದು ಎಷ್ಟೇ ಬೆಳೆದರೂ ತುದಿ ಮೊಂಡಾಗಿಯೇ ಉಳಿಯುತ್ತದೆ. ಇದು ಬಾಚುವವಳಿಂದ ಬಾಚುವವಳಿಗೆ ಬಂದ ತಿಳಿವಳಿಕೆ. ಉದ್ದವನ್ನಷ್ಟೇ ನೋಡುವ ಮನೆವೆರ್ಗಡೆಗೆ ಅದು ತಿಳಿದಿರಲಿಲ್ಲ.

ಅವಳು ಸುಳ್ಳು ಕೂಗಿದರೆ? ಕತ್ತರಿಸಿಕೊಂಡವನೂ ಮತ್ತೆ ಬೆಳೆಸಿಕೊಂಡು ಅರಸನಾಗಬಹುದು ಎಂಬುದು ಮನೆವೆರ್ಗಡೆಗೆ ಖಾತ್ರಿಯಾಗುತ್ತದೆ. ಹಾಗಾದರೆ ಮಠಕ್ಕೆ ಹೋದ ಔದೆರಿಕನೂ ನಾಳೆ ಮರಳಬಹುದು. ಬಾಣದ ಗರಿಯನ್ನು ಮರೆಯದ ಆ ಹುಡುಗನನ್ನು ಮನೆವೆರ್ಗಡೆ ಉಳಿಸುವುದಿಲ್ಲ. ನಿಜ ಕೂಗಿದರೆ ಔದೆರಿಕ್ ಅರಸನಾಗುತ್ತಾನೆ, ಬಾವಿಯೋ ಹಣ್ಣೋ ಕಾದಿರುತ್ತದೆ. ಹಾಗಾದರೆ ಮೊದಲು ನಿಜ ಕೂಗಬೇಕು. ಒಮ್ಮೆ ಕಬ್ಬಿಣ ಮುಟ್ಟಿದ ಕೂದಲು ಎಂದೆಂದಿಗೂ ಅರಸನದಲ್ಲ ಎಂಬುದು ಇಡೀ ಸೈನ್ಯಕ್ಕೆ ಮನದಟ್ಟಾಗಬೇಕು. ಆಮೇಲೆ, ಅದೇ ಸೈನ್ಯದ ಕಣ್ಣೆದುರು, ಔದೆರಿಕನ ಕೂದಲಿಗೆ ಕಬ್ಬಿಣ ಮುಟ್ಟಬೇಕು. ಆಗ ಅವನಿಂದ ಯಾರಿಗೂ ಭಯವಿಲ್ಲ, ಯಾರಿಗೂ ಉಪಯೋಗವಿಲ್ಲ. ಬದುಕಬಹುದು.

ಅಪ್ಪಣೆಯಿಲ್ಲದೆ ಅರಸುಮನೆತನದ ಕೂದಲಿಗೆ ಕಬ್ಬಿಣ ತಾಗಿಸಿದ ಕೈಯನ್ನು ಕಡಿಯಬೇಕೆಂಬುದು ನೆಲದ ಕಾನೂನು. ಅದನ್ನೂ ಅವಳು ನೆನೆದಳು. ಭಯವಾಗಬೇಕಿತ್ತು. ಅದಕ್ಕಾಗಿ ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ.

ಅವಳು ಕೆಳಗಿಳಿದು ಹೋದಳು. "ಅಣ್ಣಾ, ಆ ಕತ್ತರಿ ಒಂದನ್ನು ಕೊಡುತ್ತೀಯಾ?"

ಮುದಿ ಕುರುಬ ಅವಳನ್ನು ಗುರುತಿಸಿ ಕತ್ತರಿಯನ್ನು ಬೆನ್ನ ಹಿಂದೆ ಅಡಗಿಸಿದ. "ನೀವು ಇದನ್ನು ಮುಟ್ಟಬಾರದಲ್ಲ, ಅಮ್ಮಾ!"

"ಮುಟ್ಟುವುದಿಲ್ಲ. ಬಟ್ಟೆಯಲ್ಲಿ ಸುತ್ತಿ ಕೊಡು."

ಮೂರನೆಯ ದಿನ ಬಯಲಿನಲ್ಲಿ ಕಾಲಿಟ್ಟಲ್ಲೆಲ್ಲ ಕೆಸರು. ಸಾವಿರಾರು ಯೋಧರು ಕೊಡಲಿ, ಭರ್ಜಿಗಳೊಂದಿಗೆ ವರ್ತುಲವಾಗಿ ನಿಂತಿದ್ದರು. ನಡುವೆ ಒಂದು ಎತ್ತರದ ಪೀಠ, ಅದರ ಮೇಲೆ ಎರಡು ಮಣೆ. ಇಂಗೊಮಾರ್ ವುಲ್ಫಾರನ ಕಥೆಯನ್ನು ಗದ್ಗದಿತನಾಗಿ ಹೇಳಿ ಮುಗಿಸಿದ. ರಾಣಿ ಗರ್ಸಿಂದೆ ಮಗನ ಹಿಂದೆ ಕಲ್ಲಾಗಿ ನಿಂತಿದ್ದಳು. ಗೋದಿಲ ಹಣಿಗೆ ಹಿಡಿದು ಪೀಠವನ್ನು ಹತ್ತಿದಳು. ಸೊಂಟದ ಬಟ್ಟೆಯೊಳಗೆ ಕತ್ತರಿಯ ಭಾರ ತಣ್ಣಗೆ ತೂಗುತ್ತಿತ್ತು.

ವುಲ್ಫಾರ್ ತಲೆ ತಗ್ಗಿಸಿ ಕುಳಿತಿದ್ದ. ಅವಳು ಬಾಚತೊಡಗಿದಾಗ ತುಟಿ ಅಲುಗದಂತೆ ಪಿಸುಗುಟ್ಟಿದ: "ಅಮ್ಮಾ, ನಿಜ ಹೇಳಿಬಿಡಿ. ನಾನು ಯಾರ ಮಗನೂ ಅಲ್ಲ. ಮಠದಲ್ಲಿ ಜೇನು ಸಾಕುತ್ತಿದ್ದೆ. ಏಳು ವರ್ಷದಿಂದ ನನ್ನೊಬ್ಬನಿಗೇ ಬೋಳಿಸದೆ ಬಿಟ್ಟರು, ಏಕೆಂದು ಗೊತ್ತಿರಲಿಲ್ಲ. ಈಗ ಜೇನು ಗೂಡು ಬದಲಾಯಿಸುವ ಕಾಲ. ಅಲ್ಲಿ ಬೇರೆ ಯಾರಿಗೂ ಅವನ್ನು ಹಿಡಿಯುವುದು ಬರುವುದಿಲ್ಲ."

"ಸುಮ್ಮನಿರು ಮಗು," ಎಂದಳು ಗೋದಿಲ. ಏಳು ವರ್ಷ! ಹಾದೆರಿಕ್ ಬದುಕಿರುವಾಗಲೇ, ಔದೆರಿಕ್ ತೊದಲುತ್ತಿರುವಾಗಲೇ ಮನೆವೆರ್ಗಡೆ ಈ ಕೂದಲನ್ನು ಬಿತ್ತಿದ್ದ. ಅವಳು ತುದಿಯನ್ನು ಬೆರಳುಗಳ ನಡುವೆ ಹೊರಳಿಸಿದಳು. ಮೊಂಡು. ಇನ್ನೊಂದು ಎಳೆ. ಮೊಂಡು.

ನೆಟ್ಟಗೆ ನಿಂತು, ಮೂವತ್ತನಾಲ್ಕು ವರ್ಷಗಳಲ್ಲಿ ಎಂದೂ ಕೂಗದಿದ್ದ ಮಾತನ್ನು ಕೂಗಿದಳು: "ಕಬ್ಬಿಣ ಮುಟ್ಟಿದೆ!"

ಬಯಲು ಗುಲ್ಲೆದ್ದಿತು. "ಮುದುಕಿಗೆ ಕಣ್ಣು ಮಂಜಾಗಿದೆ," ಎಂದ ಇಂಗೊಮಾರ್ ನಗುತ್ತಲೇ.

"ಕಣ್ಣು ಬೇಡ, ಸ್ವಾಮಿ. ಇದು ಬೆರಳಿನ ಕೆಲಸ. ಯಾರು ಬೇಕಾದರೂ ಬಂದು ನೋಡಲಿ. ಅರಸುಕುಮಾರ ಔದೆರಿಕರ ತುದಿಯನ್ನೊಮ್ಮೆ ಮುಟ್ಟಲಿ, ಇದನ್ನೊಮ್ಮೆ ಮುಟ್ಟಲಿ."

ಒಕ್ಕಣ್ಣಿನ ಒಬ್ಬ ಹಳೆಯ ಯೋಧ ಹತ್ತಿ ಬಂದ. "ನನ್ನ ಹೆಬ್ಬೆರಳು ಕೊಡಲಿ ಹಿಡಿದು ಹಿಡಿದು ಮರಗಟ್ಟಿದೆ, ಅವ್ವ. ತುಟಿಗೆ ತಾಗಿಸಿ ನೋಡಲೇ?"

"ನೋಡು. ಮುದ್ದಿಡಬೇಡ."

ಜನ ನಕ್ಕರು. ಅವನು ವುಲ್ಫಾರನ ಕೂದಲ ತುದಿಯನ್ನು ತುಟಿಗೆ ತಾಗಿಸಿದ, ಆಮೇಲೆ ಔದೆರಿಕನದನ್ನು. ಮತ್ತೆ ಮೊದಲನೆಯದನ್ನು. ಅವನ ಮುಖ ಬದಲಾಯಿತು. ಬಯಲಿನ ಕಡೆ ತಿರುಗಿ ಕೂಗಿದ: "ಇವನದು ಕೊಯ್ದ ಹುಲ್ಲಿನ ಕೂಳೆ! ಆ ಹುಡುಗನದು ಮುಟ್ಟಿದರೆ ಮುಟ್ಟಿದ್ದೇ ತಿಳಿಯುವುದಿಲ್ಲ!" ಒಬ್ಬರ ಹಿಂದೆ ಒಬ್ಬರಂತೆ ಹತ್ತಾರು ಮಂದಿ ಬಂದು ತುಟಿಗೆ ತಾಗಿಸಿ ನೋಡಿದರು. ಕೊನೆಗೆ ಭರ್ಜಿಗಳು ಗುರಾಣಿಗಳಿಗೆ ಬಡಿದು ಔದೆರಿಕನ ಹೆಸರನ್ನು ಮೊಳಗಿಸಿದವು.

ಇಂಗೊಮಾರನ ಮುಖದ ನಗು ಮಾಸಲಿಲ್ಲ. "ದೈವಚಿತ್ತ," ಎಂದು ಕೈಮುಗಿದ. ಹುಡುಗನ ಕಡೆ ನೋಡಿದ. ಸಂತೆಯಲ್ಲಿ ಕರುವನ್ನು ನೋಡುವಂತೆ, ಅವಸರವಿಲ್ಲದೆ.

ಗೋದಿಲ ಔದೆರಿಕನ ಹಿಂದೆ ಬಂದು ನಿಂತಳು. ಹುಡುಗ ಸಂಭ್ರಮದಿಂದ ಕೆಂಪಾಗಿದ್ದ. "ಅಜ್ಜಿ, ಗುರಾಣಿಯ ಮೇಲೆ ನಿಂತಾಗ ಬಿದ್ದುಬಿಟ್ಟರೆ?"

"ಬೀಳುವುದಿಲ್ಲ. ತಲೆ ಅಲ್ಲಾಡಿಸಬೇಡಿ."

ಒಂಬತ್ತು ವರ್ಷಗಳ ಕೂದಲನ್ನು ಎಡಗೈಯಲ್ಲಿ ಒಟ್ಟುಗೂಡಿಸಿದಳು. ಬಲಗೈ ಬಟ್ಟೆಯೊಳಗೆ ಹೋಗಿ ಕಬ್ಬಿಣವನ್ನು ಹಿಡಿಯಿತು. ಅದು ಅವಳು ನೆನೆಸಿದ್ದಕ್ಕಿಂತ ತಣ್ಣಗಿತ್ತು. ಹಿಡಿಯುವುದು ಹೇಗೆಂದು ತಿಳಿಯದೆ ಒಂದು ಕ್ಷಣ ತಡವರಿಸಿದಳು. ಆಮೇಲೆ ಒತ್ತಿದಳು. ಒಂದೇ ಸಲಕ್ಕೆ ಆಗಲಿಲ್ಲ. ಮತ್ತೆ ಒತ್ತಿದಳು, ಮತ್ತೆ. ಉಣ್ಣೆ ಕತ್ತರಿಸುವ ಸದ್ದೇ ಬಂತು. ಕಡಿದ ಕೂದಲು ಪೀಠದಿಂದ ಜಾರಿ ಕೆಸರಿನ ಮೇಲೆ ಬಿತ್ತು.

ರಾಣಿಯ ಕೂಗು ಕೇಳಿಸಿತು, ಮನುಷ್ಯರದೆಂದು ಹೇಳಲಾಗದ ಕೂಗು. ಹುಡುಗ ಕತ್ತನ್ನು ಮುಟ್ಟಿಕೊಂಡು, ತಿರುಗಿ ನೋಡಿ, "ಅಜ್ಜಿ?" ಎಂದ. ಅಷ್ಟೇ ಎಂದ.

"ಕಬ್ಬಿಣ ಮುಟ್ಟಿದೆ," ಎಂದು ಗೋದಿಲ ಕೂಗಿದಳು. ಪದ್ಧತಿಯಂತೆ ಮೂರು ಸಲ ಕೂಗಿದಳು.

ಇಂಗೊಮಾರನ ಮುಖದಲ್ಲಿ ಮೊದಲ ಸಲ ನಗುವಿರಲಿಲ್ಲ. ಅರಸನಾಗಬಹುದಾದವರು ಇಬ್ಬರೂ ಅವನ ಕಣ್ಣೆದುರೇ ಮುಗಿದಿದ್ದರು. ಹಾದೆರಿಕನ ತಮ್ಮ, ಪೂರ್ವರಾಜ್ಯವನ್ನಾಳುವ ಬಲಿಷ್ಠ, ಇನ್ನು ಈ ಸಿಂಹಾಸನಕ್ಕೆ ಒಬ್ಬನೇ ವಾರಸುದಾರ.

ಶಿಕ್ಷೆ ಅಲ್ಲಿಯೇ, ಆ ಪೀಠದ ಮೇಲೆಯೇ ಆಯಿತು. ಕೊಡಲಿ ಹಿಡಿದವನು ಅದೇ ಒಕ್ಕಣ್ಣಿನ ಯೋಧ. "ಕಣ್ಣು ಮುಚ್ಚಿಕೊಳ್ಳವ್ವ," ಎಂದ. ಅವಳು ಮುಚ್ಚಿಕೊಳ್ಳಲಿಲ್ಲ. ನೋವು ದೂರದಲ್ಲಿ ಯಾರದೋ ಮನೆಯ ಬಾಗಿಲು ಬಡಿದಂತೆ ಕೇಳಿಸಿತು. ರಾಣಿ ಮೊಣಕಾಲೂರಿ ಕೆಸರಿನಿಂದ ಮಗನ ಕೂದಲನ್ನು ಒಂದೊಂದೇ ಎಳೆ ಆರಿಸುತ್ತಿದ್ದಳು. ತಲೆಯೆತ್ತಿ ಒಂದು ಮಾತು ಹೇಳಿದಳು: "ನಿನ್ನ ಮುಖ ನನಗೆ ಇನ್ನು ಸಾಯುವತನಕ ಕಾಣಿಸದಿರಲಿ."

ಅದು ಕಾಣಿಸಲಿಲ್ಲ.

ಗೋದಿಲಳಿಗೆ ಉತ್ತರದ ಕಡಲಿನ ಬಳಿ, ಗಿರಣಿಯವನಿಗೆ ಮದುವೆ ಮಾಡಿಕೊಟ್ಟಿದ್ದ ಒಬ್ಬ ಮಗಳಿದ್ದಳು. ಅಲ್ಲಿಗೆ ಹೋದಳು. ಸುದ್ದಿಗಳು ಹಿಟ್ಟಿನ ಮೂಟೆಗಳ ಜೊತೆ ಬಂದವು. ಪೂರ್ವದ ಅರಸ ಬಂದು ತೆರೋನವನ್ನು ತೆಗೆದುಕೊಂಡ. ಇಂಗೊಮಾರ್ ಅವನ ಕುದುರೆಯ ಲಗಾಮು ಹಿಡಿದು ಬರಮಾಡಿಕೊಂಡ, ಮರುವರ್ಷ ಅವನದೇ ಅಪ್ಪಣೆಯಿಂದ ತಲೆ ಕಳೆದುಕೊಂಡ. ಆ ಅರಸನೂ ಹೋದ. ಅವನ ಇಬ್ಬರು ಮಕ್ಕಳೂ, ಉದ್ದಕೂದಲಿನವರು, ಅವನ ಬಳಿಕ ಆರು ವರ್ಷಗಳೊಳಗೆ ಹೋದರು. ಅವಳು ಕೇಳಿಸಿಕೊಂಡು, ಎಡಗೈಯಿಂದ ರೊಟ್ಟಿ ಮುರಿಯುತ್ತಿದ್ದಳು. ಚಾಕು ಹಿಡಿಯಲು ಈಗ ಅಡ್ಡಿಯಿರಲಿಲ್ಲ; ಆದರೂ ಹಿಡಿಯುತ್ತಿರಲಿಲ್ಲ.

ಇಪ್ಪತ್ತು ವರ್ಷಗಳ ನಂತರ, ಬಾರ್ಲಿ ಕೊಯ್ಲಿನ ಸಮಯದಲ್ಲಿ, ಒಬ್ಬ ಸನ್ಯಾಸಿ ಗಿರಣಿಯ ಬಾಗಿಲಿಗೆ ಬಂದ. ಎತ್ತರದ ಆಳು, ನಡುನೆತ್ತಿ ಬೋಳಿಸಿದ ತಲೆ, ಕಂಕುಳಲ್ಲಿ ಒಂದು ಜೇನಿನ ಗಡಿಗೆ. ಬೆಂಚಿನ ಮೇಲೆ ಕುಳಿತಿದ್ದ ಮುದುಕಿಯನ್ನು ಬಹಳ ಹೊತ್ತು ನೋಡಿದ.

"ಆಗೆಲ್ಲ ನೀನು ನಿಂತಲ್ಲೇ ನಿದ್ದೆ ಮಾಡುತ್ತಿದ್ದೆ. ಈಗ ಕೂತು ಮಾಡುತ್ತೀಯಾ, ಅಜ್ಜಿ?"

ಗೋದಿಲ ಎದ್ದು ನಿಲ್ಲಲು ಹೋದಳು. ಅವನು ಬಿಡಲಿಲ್ಲ, ಅವಳ ಪಾದದ ಬಳಿ ನೆಲದ ಮೇಲೆ, ಹಿಂದೆ ಮಣೆಯ ಮೇಲೆ ಕೂರುತ್ತಿದ್ದ ಹಾಗೆಯೇ ಬೆನ್ನು ತಿರುಗಿಸಿ ಕುಳಿತ. "ವುಲ್ಫಾರ್ ಕಳಿಸಿದ ಜೇನು. ನಾವಿಬ್ಬರೂ ಒಂದೇ ಮಠದಲ್ಲಿದ್ದೇವೆ. ಅವನ ಗೂಡುಗಳು ಈಗ ನಲವತ್ತು." ಗಡಿಗೆಯನ್ನು ಅವಳ ಪಕ್ಕಕ್ಕೆ ಸರಿಸಿ ಹೇಳಿದ, "ಹತ್ತು ವರ್ಷ ನಿನ್ನನ್ನು ಶಪಿಸಿದೆ. ಆಮೇಲೆ ಚಿಕ್ಕಪ್ಪನ ಮಕ್ಕಳ ಸುದ್ದಿ ಬಂತು. ಅವರಲ್ಲಿ ಕಿರಿಯವನಿಗೆ ಹನ್ನೊಂದು."

ಅವಳು ಎಡಗೈಯನ್ನು ಅವನ ಬೋಳುನೆತ್ತಿಯ ಮೇಲಿಟ್ಟಳು. ಬೆಚ್ಚಗಿತ್ತು.

"ತಾಯಿ ಈ ವಸಂತದಲ್ಲಿ ತೀರಿಕೊಂಡರು," ಎಂದು ಔದೆರಿಕ್ ಜೋಳಿಗೆಯಿಂದ ಒಂದು ನಾರುಬಟ್ಟೆಯ ಚೀಲ ತೆಗೆದ. "ಇದನ್ನು ಅವರೇ ಹೊಲಿದದ್ದು. ನನ್ನ ಕೂದಲು. ಪ್ರತಿ ವರ್ಷ ಹೊರತೆಗೆದು ಎಣ್ಣೆ ಸವರಿ ಇಡುತ್ತಿದ್ದರಂತೆ. 'ಗೋದಿಲಳಿಗೆ ತಲುಪಿಸು, ನನ್ನ ಮಗನ ಗೋರಿಗೆ ಇಡುವ ಕಾಲ ಇನ್ನೂ ಬಂದಿಲ್ಲ ಎಂದು ಅವಳಿಗೆ ಹೇಳು' ಎಂದರು. ಅಷ್ಟೇ ಹೇಳಿದರು."

ಗೋದಿಲ ಚೀಲವನ್ನು ಮಡಿಲಿನಲ್ಲಿಟ್ಟು ಒಂದು ಎಳೆಯನ್ನು ಹೊರಗೆಳೆದಳು. ಒಂದು ಕೊನೆ ಮೊಂಡು, ಅದು ಅವಳ ಕತ್ತರಿಯ ಗುರುತು. ಎಳೆಯುದ್ದಕ್ಕೂ ಬೆರಳು ಜಾರಿಸುತ್ತ ಇನ್ನೊಂದು ಕೊನೆಗೆ ಹೋದಳು. ಅದು ತೆಳುವಾಗುತ್ತ, ಇನ್ನೂ ತೆಳುವಾಗುತ್ತ, ಎಲ್ಲಿ ಮುಗಿಯಿತೆಂದು ತಿಳಿಯದಂತೆ ಮುಗಿಯಿತು. ಹೊರಗೆ ಕೊಯ್ದ ಬಾರ್ಲಿಯ ಸುಂಕು ಬಿಸಿಲಿನಲ್ಲಿ ಹಾರಾಡುತ್ತಿತ್ತು. ಅವಳ ಎದೆಯೊಳಗೆ, ಬಹಳ ವರ್ಷ ಯಾರೂ ತೆರೆಯದ ಜಾಗದಲ್ಲಿ, ಏನೋ ಸಣ್ಣದೊಂದು ಚುಚ್ಚಿತು.

"ಅಗನ," ಎಂದಳು.

"ಏನಂದಿರಿ?" ಎಂದಳು ಒಳಗಿನಿಂದ ಬಂದ ಮಗಳ ಮಗಳು ಬೆರ್ತಿಲ. ಸನ್ಯಾಸಿನಿಯರ ಮಠದಲ್ಲಿ ಅಕ್ಷರ ಕಲಿತಿದ್ದ ಅವಳ ಸೊಂಟದಲ್ಲಿ ಮೇಣದ ಹಲಗೆ ಸದಾ ಇರುತ್ತಿತ್ತು. "ಅದು ಯಾವ ಭಾಷೆ, ಅಜ್ಜಿ?"

"ನನ್ನ ಅಮ್ಮನದು." ಗೋದಿಲ ಎಳೆಯನ್ನು ಬಿಡದೆ, ಮೊಂಡು ಕೈಯಿಂದ ಮೊಮ್ಮಗಳನ್ನು ಹತ್ತಿರ ಕರೆದಳು. "ಮತ್ತೆ ಮರೆತುಬಿಡುತ್ತೇನೆ. ಆ ಹಲಗೆ ತೆಗೆ ಮಗಳೇ, ಬರೆದುಕೊ."